ಹುಲಿಗೆ ಆಸ್ಕರ್, ಹುಲಿ ಮಾಡಿದವರಿಗೆ ನೌಕರಿ ಇಲ್ಲ!

ಸಿನಿಮಾ ಗ್ರಾಫಿಕ್ಸ್ ದುಡಿಮೆಯ ಒಳಲೆಕ್ಕ: ಮಕ್ಕಳ ಕೋರ್ಸಿಗೆ ಫೀ ತುಂಬುವ ಮುನ್ನ ತಿಳಿದಿರಬೇಕಾದದ್ದು

ಸೊಲ್ಲಾಪುರ: ನಡುಗಡಲಿನಲ್ಲಿ ಒಂದು ಸಣ್ಣ ದೋಣಿ. ದೋಣಿಯಲ್ಲಿ ಒಬ್ಬ ಹುಡುಗ, ಒಂದು ಹುಲಿ. 2012ರಲ್ಲಿ ತೆರೆ ಕಂಡ ‘ಲೈಫ್ ಆಫ್ ಪೈ’ ನೋಡಿದವರು ಆ ಹುಲಿಯನ್ನು ಮರೆತಿರಲಿಕ್ಕಿಲ್ಲ. ಆದರೆ ಬಹುತೇಕ ದೃಶ್ಯಗಳಲ್ಲಿ ಅಲ್ಲಿ ಹುಲಿಯೇ ಇರಲಿಲ್ಲ! ಅದರ ರೋಮ, ಕಣ್ಣಿನ ಹೊಳಪು, ನೀರಿನಲ್ಲಿ ತೊಯ್ದ ಮೈ, ಹಸಿವಿನಿಂದ ಎದ್ದು ಕಾಣುವ ಪಕ್ಕೆಲುಬು ಎಲ್ಲವನ್ನೂ ಕಂಪ್ಯೂಟರ್ ಮುಂದೆ ಕುಳಿತ ಕಲಾವಿದರು ಮಾಡಿದ್ದರು.

ಅಮೆರಿಕದ ಲಾಸ್ ಏಂಜಲೀಸ್‌ನ ‘ರಿದಮ್ ಅಂಡ್ ಹ್ಯೂಸ್’ ಎಂಬ ಸಂಸ್ಥೆ ಈ ಕೆಲಸದ ಮುಂದಾಳತ್ವ ವಹಿಸಿತ್ತು. 1987ರಲ್ಲಿ ಶುರುವಾದ ಈ ಸಂಸ್ಥೆಗೆ ‘ಬೇಬ್’ ಮತ್ತು ‘ದಿ ಗೋಲ್ಡನ್ ಕಂಪಾಸ್’ ಚಿತ್ರಗಳಿಗಾಗಿ ಅದಾಗಲೇ ಎರಡು ಸಲ ಆಸ್ಕರ್ ಬಂದಿತ್ತು. ಮುಂಬೈ ಮತ್ತು ಹೈದರಾಬಾದ್‌ನಲ್ಲೂ ಅದರ ಕಚೇರಿಗಳಿದ್ದವು. ಸುಮಾರು 12 ಕೋಟಿ ಡಾಲರ್ ಖರ್ಚಿನಲ್ಲಿ ತಯಾರಾದ ‘ಲೈಫ್ ಆಫ್ ಪೈ’ ಜಗತ್ತಿನಾದ್ಯಂತ 60 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಆದರೆ 2013ರ ಫೆಬ್ರುವರಿಯಲ್ಲಿ, ಆಸ್ಕರ್ ಸಮಾರಂಭಕ್ಕೆ ಇನ್ನು ಎರಡು ವಾರ ಇದೆ ಎನ್ನುವಾಗ, ಹುಲಿ ಮಾಡಿದ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಸುಮಾರು 250 ಮಂದಿ ಕೆಲಸ ಕಳೆದುಕೊಂಡರು.

ಫೆಬ್ರುವರಿ 24ರ ರಾತ್ರಿ ಅದೇ ಚಿತ್ರಕ್ಕೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು. ಪ್ರಶಸ್ತಿ ಪಡೆದ ಬಿಲ್ ವೆಸ್ಟೆನ್‌ಹೋಫರ್ ವೇದಿಕೆಯ ಮೇಲೆ ಸಂಸ್ಥೆಯ ಹಣಕಾಸಿನ ಸಂಕಷ್ಟದ ಮಾತು ಎತ್ತುವಷ್ಟರಲ್ಲಿ ‘ಜಾಸ್’ ಚಿತ್ರದ ಸಂಗೀತ ಜೋರಾಯಿತು, ಮೈಕು ಬಂದ್ ಆಯಿತು. ಒಳಗೆ ಚಪ್ಪಾಳೆ ಬೀಳುತ್ತಿದ್ದ ಅದೇ ದಿನ ಹೊರಗೆ ಬೀದಿಯಲ್ಲಿ ನೂರಾರು ಗ್ರಾಫಿಕ್ಸ್ ಕಲಾವಿದರು ಫಲಕ ಹಿಡಿದು ನಿಂತಿದ್ದರು. ಮುಂದಿನ ದಿನಗಳಲ್ಲಿ ಜಗತ್ತಿನ ಕಲಾವಿದರು ಫೇಸ್‌ಬುಕ್‌ನಲ್ಲಿ ತಮ್ಮ ಫೋಟೊ ತೆಗೆದು ಬರೀ ಹಸಿರು ಚೌಕ ಹಾಕಿಕೊಂಡರು. ಶೂಟಿಂಗ್ ವೇಳೆ ನಟರ ಹಿಂದೆ ಕಟ್ಟುವ ಪರದೆಯ ಬಣ್ಣವೇ ಹಸಿರು. ಗ್ರಾಫಿಕ್ಸ್ ಮಾಡುವವರು ಕೈಬಿಟ್ಟರೆ ತೆರೆಯ ಮೇಲೆ ಉಳಿಯುವುದು ಇಷ್ಟೇ ಎಂಬುದು ಅದರ ಅರ್ಥ.

‘ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ’ ಅಂತಾರಲ್ಲ, ಹಾಂಗ ಆತು ಅವರ ಸ್ಥಿತಿ. ಲಾಸ್ ಏಂಜಲೀಸ್‌ನ ಈ ಕಥೆ ಗಡಿನಾಡಿನ ಕನ್ನಡಿಗರಿಗೆ ಯಾಕೆ? ಕಾರಣ ಇದೆ. ಈ ಕೆಲಸದ ದೊಡ್ಡ ಪಾಲು ಈಗ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು, ಚೆನ್ನೈಗಳಲ್ಲಿ ನಡೆಯುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಮಕ್ಕಳೂ ಹತ್ತನೇ, ಹನ್ನೆರಡನೇ ಇಯತ್ತೆ ಮುಗಿಸಿ ಅನಿಮೇಷನ್, ವಿಎಫ್‌ಎಕ್ಸ್ ಕೋರ್ಸು ಹುಡುಕಿಕೊಂಡು ಪುಣೆ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಫೀ ತುಂಬುವುದಕ್ಕೆ ಮನೆಯವರು ಸಾಲ ಮಾಡುತ್ತಾರೆ. ‘ಹುಡುಗ ಸಿನಿಮಾದಾಗ ಕೆಲಸ ಮಾಡ್ತಾನ’ ಎಂದು ಓಣಿಯಲ್ಲಿ ಹೇಳಿಕೊಳ್ಳಲು ಹೆಮ್ಮೆ. ಆದರೆ ಎಷ್ಟು ತಾಸು ದುಡೀತಾನ, ತಾಸಿಗೆ ಎಷ್ಟು ಬಿತ್ತು ಎಂದು ಕೇಳುವವರು ಕಡಿಮೆ.

ಒಂದು ಸೆಕೆಂಡಿಗೆ 24 ಚಿತ್ರ

ಮೊದಲು ಕೆಲಸ ಏನು ಅಂತ ತಿಳಿಯಬೇಕು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದೊಂದು ಚಿತ್ರಕ್ಕೆ ‘ಫ್ರೇಮ್’ ಎಂದು ಹೆಸರು. ಐದು ಸೆಕೆಂಡಿನ ಒಂದು ದೃಶ್ಯ ಎಂದರೆ 120 ಫ್ರೇಮ್.

ನಾಯಕ ಓಡುತ್ತಿದ್ದಾನೆ, ಅವನ ಹಿಂದೆ ಬೆಂಕಿ ಸ್ಫೋಟ ತೋರಿಸಬೇಕು ಎಂದಿಟ್ಟುಕೊಳ್ಳಿ. ನಾಯಕನ ಆಕಾರವನ್ನು ಹಿನ್ನೆಲೆಯಿಂದ ಬೇರೆ ಮಾಡಬೇಕು. ತಲೆಗೂದಲು, ಬೆರಳು, ಹಾರುವ ಅಂಗಿಯ ಅಂಚು ಎಲ್ಲದಕ್ಕೂ ಗೆರೆ ಎಳೆಯಬೇಕು. ಹತ್ತು ಆಕಾರ ಹಿಡಿದರೆ 120 ಫ್ರೇಮ್‌ಗೆ 1,200 ಆಕಾರ ತಿದ್ದಿ ನೋಡಬೇಕು. ಸಾಫ್ಟ್‌ವೇರ್ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ತಪ್ಪಿದ್ದನ್ನು ಹಿಡಿಯುವುದು ಕಣ್ಣೇ. ಇದಕ್ಕೆ ‘ರೋಟೋ’ ಎನ್ನುತ್ತಾರೆ. ಸ್ಟಂಟ್ ಕಲಾವಿದನನ್ನು ಎತ್ತಿ ಹಿಡಿದ ತಂತಿ, ಮೂಲೆಯಲ್ಲಿ ಕಂಡ ಮೈಕು, ಗೋಡೆಯ ಮೇಲಿನ ನೆರಳು ಅಳಿಸುವುದು ‘ಪೇಂಟ್’ ಅಥವಾ ‘ಪ್ರೆಪ್’. ಕ್ಯಾಮೆರಾ ಹೇಗೆ ಅಲುಗಾಡಿತು ಎಂಬುದನ್ನು ಕಂಪ್ಯೂಟರಿಗೆ ತಿಳಿಸುವುದು ‘ಮ್ಯಾಚ್‌ಮೂವ್’. ಕೊನೆಗೆ ಎಲ್ಲ ಪದರಗಳನ್ನು ಒಂದರ ಮೇಲೊಂದು ಕೂಡಿಸಿ, ನೋಡುಗನಿಗೆ ಜೋಡಣೆ ಗೊತ್ತಾಗದಂತೆ ಮಾಡುವುದು ‘ಕಾಂಪೋಸಿಟಿಂಗ್’.

ಹಾಲಿವುಡ್ ಚಿತ್ರಗಳ ರೋಟೋ, ಪೇಂಟ್, ಮ್ಯಾಚ್‌ಮೂವ್ ಕೆಲಸ ಬಹುಕಾಲದಿಂದ ಭಾರತಕ್ಕೆ ಬರುತ್ತಿದೆ. ಹೊಸ ಹುಡುಗರು ಮೊದಲು ಸೇರುವುದು ಇಲ್ಲೇ. ಕೆಲಸ ಕೀಳಲ್ಲ, ತಾಳ್ಮೆಯ ಕೆಲಸ. ನೇಕಾರ ಒಂದೊಂದು ಎಳೆ ನೋಡಿದಂತೆ ಒಂದೊಂದು ಫ್ರೇಮ್ ನೋಡಬೇಕು. ಒಂದು ಎಳೆ ತಪ್ಪಿದರೆ ಚಾದರದಲ್ಲಿ ಕಾಣುತ್ತದೆ, ಒಂದು ಫ್ರೇಮ್ ತಪ್ಪಿದರೆ ತೆರೆಯಲ್ಲಿ ಕಾಣುತ್ತದೆ.

ಉಕ್ತೆ ದರದ ಪೆಟ್ಟು

ಇಷ್ಟು ಗಳಿಸುವ ಉದ್ಯಮದಲ್ಲಿ ಆಸ್ಕರ್ ಗೆದ್ದ ಸಂಸ್ಥೆ ದಿವಾಳಿಯಾಗುವುದು ಹೇಗೆ? ಉತ್ತರ ವ್ಯವಹಾರದ ಪದ್ಧತಿಯಲ್ಲಿದೆ. ಚಿತ್ರ ನಿರ್ಮಿಸುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು. ಗ್ರಾಫಿಕ್ಸ್ ಮಾಡಿಕೊಡುವ ಸ್ಟುಡಿಯೊಗಳು ನೂರಾರು. ಕೆಲಸ ಹಿಡಿಯಲು ಸ್ಟುಡಿಯೊಗಳು ಒಂದಕ್ಕಿಂತ ಒಂದು ಕಡಿಮೆ ದರ ಕೂಗುತ್ತವೆ. ದರವೂ ದಿನಗೂಲಿಯಂತಲ್ಲ, ‘ಇಷ್ಟು ದೃಶ್ಯಕ್ಕೆ ಇಷ್ಟು’ ಎಂಬ ಉಕ್ತೆ ದರ. ನಿರ್ದೇಶಕ ಎಷ್ಟು ಸಲ ಬದಲಾವಣೆ ಕೇಳುತ್ತಾನೆ ಎಂಬುದು ಮಾತ್ರ ಮುಂಚೆ ಗೊತ್ತಿರುವುದಿಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಹಿಡಿಯೋಣ. ಒಂದು ಸ್ಟುಡಿಯೊ 100 ದೃಶ್ಯಗಳನ್ನು ತಲಾ 20 ಸಾವಿರ ರೂ.ಗೆ, ಒಟ್ಟು 20 ಲಕ್ಷಕ್ಕೆ ಒಪ್ಪಿಕೊಂಡಿತು. ಒಂದು ದೃಶ್ಯಕ್ಕೆ ಒಬ್ಬನ ನಾಲ್ಕು ದಿನದ ಕೆಲಸ ಎಂದು ಅಂದಾಜು. ಪಗಾರ, ಬಾಡಿಗೆ, ಕರೆಂಟು, ಸಾಫ್ಟ್‌ವೇರ್ ಎಲ್ಲ ಸೇರಿ ಒಬ್ಬನ ಒಂದು ದಿನಕ್ಕೆ 4 ಸಾವಿರ ರೂ. ಖರ್ಚು. 400 ದಿನಕ್ಕೆ 16 ಲಕ್ಷ. ಉಳಿತಾಯ 4 ಲಕ್ಷ. ಲೆಕ್ಕ ಸರಿ ಇದೆ.

ಈಗ ನಿರ್ದೇಶಕರು ಮೋಡದ ಬಣ್ಣ ಬದಲಿಸಲು ಹೇಳಿದರು, ನಿರ್ಮಾಪಕರು ರಾಕ್ಷಸನ ಕೊಂಬು ಬದಲಿಸಲು ಹೇಳಿದರು. ನಾಲ್ಕು ದಿನದ ಕೆಲಸ ಆರು ದಿನವಾಯಿತು. 600 ದಿನಕ್ಕೆ ಖರ್ಚು 24 ಲಕ್ಷ. ಬರುವುದು ಅದೇ 20 ಲಕ್ಷ. ಈಗ 4 ಲಕ್ಷ ತೋಟಾ! ಚಿತ್ರದ ಬಿಡುಗಡೆ ದಿನ ಮೊದಲೇ ಘೋಷಣೆಯಾಗಿದೆ, ಅದು ಅಲುಗಾಡುವುದಿಲ್ಲ. ದರ ಅಲುಗಾಡುವುದಿಲ್ಲ. ಬಾಡಿಗೆ, ಕರೆಂಟು ಬಿಲ್ಲು ಅಲುಗಾಡುವುದಿಲ್ಲ. ಹಾಗಾದರೆ ಹಿಗ್ಗುವುದು ಯಾವುದು? ಕೆಲಸಗಾರನ ರಾತ್ರಿ ಮತ್ತು ಅವನ ರವಿವಾರ. ಹೆಚ್ಚಾದ 200 ದಿನಗಳ ಕೆಲಸವನ್ನು ಅದೇ ಮಂದಿ ಅದೇ ಪಗಾರದಲ್ಲಿ ರಾತ್ರಿ ಕುಳಿತು ಮುಗಿಸಿದರೆ ಮಾಲೀಕನ ಲೆಕ್ಕ ಸರಿಹೋಗುತ್ತದೆ.

ಗಡಿ ಭಾಗದವರಿಗೆ ಇದು ಹೊಸ ವಿಷಯವೇನಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಕಾರ್ಖಾನೆಯವ ‘ಸರಿ ಇಲ್ಲ’ ಎಂದು ತೆಗೆದು ಹಾಕಿದ ಬೀಡಿಗೆ ಮಜೂರಿ ಇಲ್ಲ, ಪಟ್ಟ ಶ್ರಮಕ್ಕೆ ಲೆಕ್ಕವಿಲ್ಲ. ಗ್ರಾಫಿಕ್ಸ್ ಸ್ಟುಡಿಯೊದಲ್ಲಿ ವಾಪಸ್ ಬಂದ ದೃಶ್ಯದ ಹಣೆಬರಹವೂ ಅದೇ. ಎಸಿ ಕೋಣೆ, ಗಿರಕಿ ಕುರ್ಚಿ, ಕೊರಳಲ್ಲಿ ಐಡಿ ಕಾರ್ಡು ಇರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಇದರ ಮೇಲೆ ಸರ್ಕಾರಗಳ ಪೈಪೋಟಿ ಬೇರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ, ಕ್ವಿಬೆಕ್ ಪ್ರಾಂತಗಳು ಮತ್ತು ಬ್ರಿಟನ್ ತಮ್ಮಲ್ಲಿ ಕೆಲಸ ಮಾಡಿಸಿದರೆ ತೆರಿಗೆ ರಿಯಾಯಿತಿ ಕೊಡುತ್ತವೆ. ಭಾರತ ಸರ್ಕಾರವೂ 2023ರ ನವೆಂಬರ್‌ನಲ್ಲಿ ವಿದೇಶಿ ಚಿತ್ರಗಳಿಗೆ ಕೊಡುವ ಪ್ರೋತ್ಸಾಹಧನವನ್ನು ಇಲ್ಲಿ ಮಾಡಿದ ಖರ್ಚಿನ ಶೇ. 40ಕ್ಕೆ, ಗರಿಷ್ಠ 30 ಕೋಟಿ ರೂ.ವರೆಗೆ ಏರಿಸಿತು. ರಿಯಾಯಿತಿ ಬೆನ್ನು ಹತ್ತಿ ಕೆಲಸ ಊರೂರು ತಿರುಗುತ್ತದೆ. ರಿಯಾಯಿತಿ ಸೇರುವುದು ಚಿತ್ರ ಮಾಡಿಸುವವರ ಖಾತೆಗೆ. ಕೆಲಸದ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಹೋಗುವುದು ಕಲಾವಿದರ ಪಾಡು.

ಬೆಂಗಳೂರಿಗೂ ಬಂದ ಆ ದಿನ

ರಿದಮ್ ಅಂಡ್ ಹ್ಯೂಸ್ ಕಥೆ ಒಂದು ಸಲದ ಆಕಸ್ಮಿಕವಲ್ಲ. ಅದಕ್ಕೂ ಮುಂಚೆ, 2012ರ ಸೆಪ್ಟೆಂಬರ್‌ನಲ್ಲಿ ‘ಟೈಟಾನಿಕ್’ ಹಡಗಿಗೆ ಗ್ರಾಫಿಕ್ಸ್ ಮಾಡಿದ್ದ ಡಿಜಿಟಲ್ ಡೊಮೇನ್ ಗುಂಪು ದಿವಾಳಿಯಾಗಿತ್ತು. ಅದರ ಫ್ಲಾರಿಡಾ ಯೋಜನೆಯಲ್ಲಿ ವಿಚಿತ್ರವೊಂದಿತ್ತು. ಫೀ ಕೊಟ್ಟು ಕಲಿಯಲು ಬಂದ ವಿದ್ಯಾರ್ಥಿಗಳ ಕೈಯಿಂದಲೇ ಚಿತ್ರದ ಕೆಲಸ ಮಾಡಿಸುವ ಮಾತನ್ನು ಅದರ ಮುಖ್ಯಸ್ಥರೇ ಆಡಿದ್ದರು. ಅಂದ್ರ, ದುಡಿಯುವವನೇ ಮಾಲೀಕನಿಗೆ ರೊಕ್ಕ ಕೊಡಬೇಕು! ಆ ಸಂಸ್ಥೆಯನ್ನು ನಂತರ ಕೊಂಡವರಲ್ಲಿ ಚೀನಾದ ಕಂಪನಿಯೊಂದರ ಜತೆ ಭಾರತದ ರಿಲಯನ್ಸ್ ಮೀಡಿಯಾವರ್ಕ್ಸ್ ಕೂಡ ಇತ್ತು.

2023ರಲ್ಲಿ ಹಾಲಿವುಡ್‌ನ ಲೇಖಕರು ಮೇ ತಿಂಗಳಿನಿಂದ, ನಟರು ಜುಲೈನಿಂದ ಮುಷ್ಕರ ಹೂಡಿದರು. ನವೆಂಬರ್‌ವರೆಗೂ ಕ್ಯಾಮೆರಾಗಳು ನಿಂತವು. ಶೂಟಿಂಗ್ ನಿಂತರೆ ಗ್ರಾಫಿಕ್ಸ್ ಕೆಲಸವೂ ಬತ್ತುತ್ತದೆ. ಉದ್ಯಮದ ತುಂಬ ನೌಕರಿ ಕಡಿತ ನಡೆಯಿತು.

ದೊಡ್ಡ ಪೆಟ್ಟು ಬಿದ್ದದ್ದು 2025ರ ಫೆಬ್ರುವರಿಯಲ್ಲಿ. ‘ದಿ ಜಂಗಲ್ ಬುಕ್’ ಮತ್ತು ‘1917’ ಚಿತ್ರಗಳಿಗೆ ಆಸ್ಕರ್ ಗೆದ್ದ ಎಂಪಿಸಿ ಸ್ಟುಡಿಯೊ ಟೆಕ್ನಿಕಲರ್ ಗುಂಪಿಗೆ ಸೇರಿತ್ತು. ಆ ಸ್ಟುಡಿಯೊ ಕೆಲಸ ಮಾಡಿದ ‘ಮುಫಾಸಾ: ದಿ ಲಯನ್ ಕಿಂಗ್’ 2024ರ ಡಿಸೆಂಬರ್‌ನಲ್ಲಿ ತೆರೆ ಕಂಡಿತು. ಎರಡೇ ತಿಂಗಳಲ್ಲಿ ಟೆಕ್ನಿಕಲರ್ ಗುಂಪು ಕುಸಿದು ಬಿತ್ತು. ಲಂಡನ್, ಅಮೆರಿಕ, ಕೆನಡಾ ಜತೆಗೆ ಬೆಂಗಳೂರು, ಮುಂಬೈ ಕಚೇರಿಗಳ ಬಾಗಿಲೂ ಹಾಕಿದವು. ಭಾರತದಲ್ಲೇ ಸುಮಾರು 3 ಸಾವಿರ ಮಂದಿ ಕೆಲಸ ಕಳೆದುಕೊಂಡರು, ಅವರಲ್ಲಿ ಬಹುತೇಕರು ಬೆಂಗಳೂರಿನವರು ಎಂದು ವರದಿಯಾಯಿತು. ದುಡಿದ ಫೆಬ್ರುವರಿ ತಿಂಗಳ ಪಗಾರ ಕೊಡಲೂ ಹಣವಿಲ್ಲ ಎಂಬ ಉತ್ತರ ಬಂದಾಗ ಮನೆ ಬಾಡಿಗೆ, ಸಾಲದ ಕಂತು ಕಟ್ಟುವವರ ಎದೆ ಧಸಕ್ಕೆಂದಿತು. ನೌಕರರು ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಬೇಕಾಯಿತು.

2013ರಲ್ಲಿ ಹುಲಿ, 2025ರಲ್ಲಿ ಸಿಂಹ. ಎರಡೂ ಸಲ ಪ್ರಾಣಿಗೆ ಜೀವ ತುಂಬಿದವರೇ ಬೀದಿಗೆ ಬಂದರು. ಕಲೆ ಚೆನ್ನಾಗಿದ್ದರೆ ಸಾಕು, ಹೊಟ್ಟೆ ತಾನೇ ತುಂಬುತ್ತದೆ ಎನ್ನುವ ಮಾತು ಈ ಧಂಧೆಯಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೆಸರಿಗೂ ಬರ

ಪಗಾರದ ಮಾತು ಒಂದು ಕಡೆ. ಚಿತ್ರ ಮುಗಿದ ಮೇಲೆ ತೆರೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲೂ ಇವರಿಗೆ ಜಾಗ ಸಿಗುವುದು ಕಷ್ಟ. 2023ರಲ್ಲಿ ತೆರೆ ಕಂಡ ‘ಓಪನ್‌ಹೈಮರ್’ ಚಿತ್ರಕ್ಕೆ ಕೆಲಸ ಮಾಡಿದ ಗ್ರಾಫಿಕ್ಸ್ ಕಲಾವಿದರಲ್ಲಿ ನೂರಕ್ಕೂ ಹೆಚ್ಚು ಮಂದಿಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ ಎಂದು ಆಗ ವರದಿಯಾಗಿತ್ತು. ಹೆಸರು ಬರೀ ಹೆಮ್ಮೆಯ ಸಂಗತಿಯಲ್ಲ. ಮುಂದಿನ ಕೆಲಸ ಕೇಳಲು ಹೋದಾಗ ಅದೇ ಅನುಭವದ ಪುರಾವೆ. ಹೆಸರಿಲ್ಲದವನು ಹಳೆಯ ದರಕ್ಕೇ ಮತ್ತೆ ದುಡಿಯಬೇಕಾಗುತ್ತದೆ.

ತಾಸಿನ ಲೆಕ್ಕ ಹಾಕಿ ನೋಡ್ರಿ

‘ತಿಂಗಳಿಗೆ 18 ಸಾವಿರ ಕೊಡ್ತಾರ, ಶುರುವಿಗೆ ಸಾಕಲ್ಲ’ ಎಂದು ಮನೆಯಲ್ಲಿ ಅನ್ನಬಹುದು. ಈ 18 ಸಾವಿರವನ್ನೇ ಉದಾಹರಣೆಗೆ ತೆಗೆದುಕೊಂಡು ಬಿಡಿಸಿ ನೋಡೋಣ. ದಿನಕ್ಕೆ 8 ತಾಸಿನಂತೆ 26 ದಿನ ಅಂದರೆ 208 ತಾಸು. ತಾಸಿಗೆ ಸುಮಾರು 86 ರೂ. 50 ಪೈಸೆ. ಚಿತ್ರದ ಗಡುವು ಹತ್ತಿರ ಬಂದು ದಿನಕ್ಕೆ 12 ತಾಸು ಕೂತರೆ 312 ತಾಸು. ಪಗಾರ ಅಷ್ಟೇ ಇದ್ದರೆ ತಾಸಿಗೆ ಸುಮಾರು 57 ರೂ. 70 ಪೈಸೆ. ಪಗಾರ ಕಡಿತ ಮಾಡಿದೆವು ಎಂದು ಯಾರೂ ಹೇಳಲಿಲ್ಲ, ಆದರೆ ಮೂರರಲ್ಲಿ ಒಂದು ಪಾಲು ಕಡಿತವಾಯಿತು!

ಕಾಯ್ದೆ ಏನು ಹೇಳುತ್ತದೆ? ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿತು. ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ದರ. ಮೂರು ತಿಂಗಳಲ್ಲಿ 125 ತಾಸಿಗಿಂತ ಹೆಚ್ಚು ಓವರ್‌ಟೈಮ್ ಮಾಡಿಸುವಂತಿಲ್ಲ ಎಂದೂ ಅದರಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ದಿನದ ಮಿತಿಯನ್ನು 10 ತಾಸಿಗೆ, ಮೂರು ತಿಂಗಳ ಓವರ್‌ಟೈಮನ್ನು 144 ತಾಸಿಗೆ ಏರಿಸಲು ಒಪ್ಪಿತು. ಕರ್ನಾಟಕದ 1961ರ ಕಾಯ್ದೆಯೂ 9 ಮತ್ತು 48 ತಾಸಿನ ಮಿತಿ, ಎರಡು ಪಟ್ಟು ದರದ ಮಾತನ್ನೇ ಹೇಳಿತ್ತು.

ಮೇಲಿನ ಲೆಕ್ಕಕ್ಕೆ ಬನ್ನಿ. ಹೆಚ್ಚು ದುಡಿದದ್ದು 104 ತಾಸು. ತಾಸಿಗೆ 86 ರೂ. 50 ಪೈಸೆಯ ಎರಡು ಪಟ್ಟು ಅಂದರೆ ಸುಮಾರು 173 ರೂ. ಗುಣಿಸಿದರೆ ಬರುವುದು 18 ಸಾವಿರ. ಅಂದರೆ ನಾಲ್ಕು ತಾಸು ಹೆಚ್ಚು ಕೂತ ತಿಂಗಳಲ್ಲಿ ಇನ್ನೊಂದು ಪೂರಾ ಪಗಾರ ಬರಬೇಕಿತ್ತು. ಅದರ ಬದಲು ರಾತ್ರಿ ಊಟಕ್ಕೆ ಪಿಜ್ಜಾ, ಮನೆಗೆ ಬಿಡಲು ಗಾಡಿ ಕೊಟ್ಟು ಕೈ ತೊಳೆದುಕೊಂಡರೆ ಅದು ನ್ಯಾಯವಲ್ಲ. ಇಷ್ಟಾಗಿ ತಿಂಗಳಿಗೆ 104 ತಾಸು ಓವರ್‌ಟೈಮ್ ಎನ್ನುವುದೇ ಮಿತಿ ಮೀರಿದ್ದು, ಮೂರು ತಿಂಗಳಿಗೆ 312 ಆಗುತ್ತದೆ. ಕಣ್ಣು, ಬೆನ್ನು, ಮಣಿಕಟ್ಟು ಕೆಟ್ಟ ಮೇಲೆ ದವಾಖಾನೆಯ ಖರ್ಚು ಮನೆಯವರದ್ದೇ.

ಒಂದು ಎಚ್ಚರಿಕೆ. ಮ್ಯಾನೇಜರ್, ಸೂಪರ್‌ವೈಸರ್ ದರ್ಜೆಯವರಿಗೆ ಈ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ಕೆಲಸ ಅದೇ ಇದ್ದು ಹುದ್ದೆಯ ಹೆಸರು ಮಾತ್ರ ದೊಡ್ಡದಾದರೆ ಖುಷಿಪಡುವ ಮುನ್ನ ವಿಚಾರಿಸಬೇಕು. ಕರ್ನಾಟಕ ಸರ್ಕಾರವು ಐಟಿ ಕಂಪನಿಗಳ ಜತೆ ಅನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಉದ್ಯಮಕ್ಕೂ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು 2024ರಲ್ಲಿ ಮತ್ತೆ ಮುಂದುವರಿಸಿತ್ತು. ಅದು ಸೇವಾ ನಿಯಮಗಳ ವಿಷಯ. ಪಗಾರ, ತಾಸಿನ ಕಾಯ್ದೆಗೆ ಅದರಿಂದ ಮಾಫಿ ಸಿಕ್ಕಂತಲ್ಲ.

ತಾಯಿಗೂ ಮಗನಿಗೂ ಒಂದೇ ಸಂಹಿತೆ

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗಡಿನಾಡಿನ ಮನೆಗಳಿಗೆ ಇದರಲ್ಲಿ ಗಮನಿಸಬೇಕಾದ ಸಂಗತಿ ಇದೆ. ಬೀಡಿ ಕಾರ್ಮಿಕರಿಗೆ 1966ರ ಪ್ರತ್ಯೇಕ ಕಾಯ್ದೆ ಇತ್ತು. ಸಿನಿಮಾ ಕಾರ್ಮಿಕರಿಗೆ 1981ರ ಕಾಯ್ದೆ ಇತ್ತು. ಎರಡನ್ನೂ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಕೂಡಿಸಲಾಗಿದೆ. ತಾಯಿ ಬೀಡಿ ಕಟ್ಟುವವಳು, ಮಗ ಫ್ರೇಮ್ ತಿದ್ದುವವನು. ಇಬ್ಬರೂ ಈಗ ಒಂದೇ ಸಂಹಿತೆಯಡಿ ಬರುತ್ತಾರೆ.

ಈ ಸಂಹಿತೆಯಲ್ಲಿ ‘ದೃಶ್ಯ-ಶ್ರವ್ಯ ನಿರ್ಮಾಣ’ ಎಂಬುದರ ಅರ್ಥವನ್ನು ಹಿಗ್ಗಿಸಿ ಅನಿಮೇಷನ್, ಜಾಹೀರಾತು, ಡಿಜಿಟಲ್ ನಿರ್ಮಾಣಗಳನ್ನೂ ಸೇರಿಸಲಾಗಿದೆ. ಅದರಲ್ಲಿ ನೇರವಾಗಿ ಅಥವಾ ಗುತ್ತಿಗೆದಾರರ ಮೂಲಕ ತಾಂತ್ರಿಕ, ಕಲಾತ್ಮಕ ಕೆಲಸ ಮಾಡುವವರೂ ‘ದೃಶ್ಯ-ಶ್ರವ್ಯ ಕಾರ್ಮಿಕರು’. ಅಂಥವರನ್ನು ಲಿಖಿತ ಒಪ್ಪಂದವಿಲ್ಲದೆ ದುಡಿಸಿಕೊಳ್ಳುವಂತಿಲ್ಲ. ನೌಕರರಿಗೆ ನೇಮಕಾತಿ ಪತ್ರ ಕೊಡುವುದನ್ನೂ ಕಡ್ಡಾಯ ಮಾಡಲಾಗಿದೆ.

ವೇತನ ಸಂಹಿತೆಯ ಪ್ರಕಾರ ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಆಗಬೇಕು. ಕೆಲಸ ಬಿಟ್ಟರೆ, ಬಿಡಿಸಿದರೆ ಅಥವಾ ಸಂಸ್ಥೆ ಮುಚ್ಚಿದರೆ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಕಾಯ್ದೆ ಕಾಗದದಲ್ಲಿದ್ದರೆ ಸಾಲದು, ಕೇಳುವವರು ಬೇಕು ಎಂಬುದೂ ಅಷ್ಟೇ ಖರೆ.

ಒಬ್ಬನೇ ಕೇಳಿದರೆ ಆಗದು

ಕೇಳುವುದು ಹೇಗೆ ಎಂಬುದನ್ನು ಅಮೆರಿಕದ ಕಲಾವಿದರು ತೋರಿಸಿದ್ದಾರೆ. ಅಲ್ಲಿ ಕ್ಯಾಮೆರಾ, ಲೈಟು, ಉಡುಪು, ಮೇಕಪ್ ವಿಭಾಗದವರಿಗೆಲ್ಲ ದಶಕಗಳಿಂದ ಸಂಘವಿದೆ. ಕಂಪ್ಯೂಟರ್ ಮುಂದೆ ಕುಳಿತವರು ಮಾತ್ರ ಹೊರಗಿದ್ದರು. ‘ಐಯಾಟ್ಸಿ’ ಎಂದು ಕರೆಯುವ ಅಲ್ಲಿನ ಸಂಘ ನಡೆಸಿದ ಸಮೀಕ್ಷೆಯಲ್ಲಿ ಗ್ರಾಫಿಕ್ಸ್ ಕೆಲಸಗಾರರ ಪೈಕಿ ಶೇ. 70ರಷ್ಟು ಮಂದಿ ಕೂಲಿಯಿಲ್ಲದ ಓವರ್‌ಟೈಮ್ ಮಾಡಿದ್ದಾಗಿ ಹೇಳಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಸ್ಟುಡಿಯೋಸ್‌ನ ಸ್ವಂತ ಗ್ರಾಫಿಕ್ಸ್ ಸಿಬ್ಬಂದಿ ಮತ ಹಾಕಿ ಸಂಘ ಸೇರಿದರು. ಒಂದೂ ವಿರೋಧ ಮತ ಬೀಳಲಿಲ್ಲ. ವಾಲ್ಟ್ ಡಿಸ್ನಿ ಪಿಕ್ಚರ್ಸ್‌ನವರೂ ಹಿಂಬಾಲಿಸಿದರು. 2025ರಲ್ಲಿ ಎರಡೂ ಕಡೆ ಮೊದಲ ಒಪ್ಪಂದಗಳಾದವು.

ಇದು ಸಣ್ಣ ಗುಂಪಿನ ಗೆಲುವು. ಉಕ್ತೆ ಹಿಡಿದು ಮಾಡುವ ಹೊರಗಿನ ಸ್ಟುಡಿಯೊಗಳ ಸಾವಿರಾರು ಮಂದಿಗೆ, ಅದರಲ್ಲೂ ಭಾರತದವರಿಗೆ, ಇದರಿಂದ ನೇರ ಲಾಭವಿಲ್ಲ. ಮುಂಬೈಯಲ್ಲಿ ಲೈಟ್‌ಮನ್, ಸ್ಟಂಟ್, ಮೇಕಪ್ ಕಲಾವಿದರ ಸಂಘಗಳು ಪಶ್ಚಿಮ ಭಾರತ ಸಿನಿ ನೌಕರರ ಮಹಾಮಂಡಳದಡಿ ಒಂದಾಗಿವೆ. ಸ್ಟುಡಿಯೊಗಳ ಗ್ರಾಫಿಕ್ಸ್ ಕಲಾವಿದರು ಬಹುತೇಕ ಬಿಡಿಬಿಡಿಯಾಗಿಯೇ ಇದ್ದಾರೆ. ‘ನಾವು ಆರ್ಟಿಸ್ಟರು, ನಮಗ್ಯಾಕ ಯೂನಿಯನ್’ ಎಂಬ ಭಾವನೆಯೂ ಇದೆ. ಮಿಲ್‌ಗಳ ಊರಾದ ಸೊಲ್ಲಾಪುರದಲ್ಲಿ ಯೂನಿಯನ್ ಎಂಬ ಪದಕ್ಕೆ ಎರಡು ನೆನಪುಗಳಿವೆ. ಮಿಲ್ ಬಂದ್ ಆದದ್ದೂ ನೆನಪಿದೆ, ಬೋನಸ್ಸು, ಪಿಎಫ್ ಸಿಕ್ಕಿದ್ದೂ ನೆನಪಿದೆ. ಒಬ್ಬ ಹುಡುಗ ಒಬ್ಬನೇ ಹೋಗಿ ಓವರ್‌ಟೈಮ್ ಕೇಳಿದರೆ ನಾಳೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಇಡೀ ಫ್ಲೋರ್ ಕೇಳಿದರೆ ಮಾಲೀಕನೂ ನಿರ್ಮಾಪಕನಿಗೆ ‘ಇಷ್ಟು ಸಲದ ಮೇಲೆ ಬದಲಾವಣೆಗೆ ಬೇರೆ ರೊಕ್ಕ’ ಎಂದು ಹೇಳಲು ಧೈರ್ಯ ಮಾಡುತ್ತಾನೆ. ರೋಗದ ಮೂಲ ಅಲ್ಲಿಯೇ ಇದೆ.

ಕೃತಕ ಬುದ್ಧಿಮತ್ತೆಯ ಮಾತು ಬೇರೆ ಶುರುವಾಗಿದೆ. ರೋಟೋ, ಪೇಂಟ್‌ನಂಥ ಕೆಲಸದ ಒಂದಷ್ಟು ಭಾಗವನ್ನು ಯಂತ್ರವೇ ಮಾಡತೊಡಗಿದೆ. ಹೊಸಬರು ಮೆಟ್ಟಿಲು ಹತ್ತುವುದೇ ಅಲ್ಲಿಂದ. ಆದ್ದರಿಂದ ರೋಟೋ ಒಂದನ್ನೇ ಕಲಿಸಿ ಕೈಬಿಡುವ ಕೋರ್ಸು ನಂಬಿ ಸಾಲ ಮಾಡುವುದು ಈಗ ಇನ್ನೂ ಅಪಾಯದ ಮಾತು.

ಫೀ ತುಂಬುವ ಮುನ್ನ

ಹಾಗಂತ ಮಕ್ಕಳು ಈ ಕಡೆ ತಲೆ ಹಾಕಲೇಬಾರದು ಎಂದಲ್ಲ. ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು. ಮಹಾರಾಷ್ಟ್ರ ಸಂಪುಟವೂ 2025ರಲ್ಲಿ ಅಂಥ ಧೋರಣೆಗೆ ಒಪ್ಪಿಗೆ ಕೊಟ್ಟಿತು. ಕೆಲಸ ಬರುವುದುಂಟು, ಕಲಿತವರು ಮೇಲೆ ಬಂದದ್ದೂ ಉಂಟು. ಆದರೆ ತಂದೆ-ತಾಯಿ ಕೆಲವು ಪ್ರಶ್ನೆ ಕೇಳಲೇಬೇಕು.

ಕೋರ್ಸು ಸೇರಿಸುವಾಗ ‘ನೂರಕ್ಕೆ ನೂರು ನೌಕರಿ’ ಎಂಬ ಬೋರ್ಡು ನೋಡಿ ಮರುಳಾಗಬಾರದು. ಯಾವ ಕೆಲಸ, ಎಷ್ಟು ಪಗಾರ, ಹೋದ ವರ್ಷ ಕಲಿತವರು ಈಗ ಎಲ್ಲಿದ್ದಾರೆ ಎಂದು ಕೇಳಬೇಕು. ಸಾಧ್ಯವಾದರೆ ಅವರಲ್ಲಿ ಇಬ್ಬರಿಗೆ ಫೋನು ಮಾಡಬೇಕು.

ನೌಕರಿಗೆ ಸೇರುವಾಗ ನೇಮಕಾತಿ ಪತ್ರದಲ್ಲಿ ಹುದ್ದೆ, ಮೂಲ ವೇತನ, ವಾರದ ತಾಸು, ಓವರ್‌ಟೈಮ್ ದರ, ಪಿಎಫ್, ರಜೆ ಬರೆದಿದೆಯೇ ನೋಡಬೇಕು. ‘ಟ್ರೇನಿಂಗ್’ ಎಂದು ಹೇಳಿ ತಿಂಗಳುಗಟ್ಟಲೆ ಚಿತ್ರದ ಕೆಲಸವನ್ನೇ ಮಾಡಿಸಿದರೆ ಅದು ದುಡಿಮೆ, ಕಲಿಕೆಯಲ್ಲ. ಮಾರ್ಕ್ಸ್ ಕಾರ್ಡಿನ ಮೂಲಪ್ರತಿಯನ್ನು ಯಾರ ಕೈಗೂ ಕೊಟ್ಟು ಬರಬಾರದು.

ಬಾಂಡ್ ಬರೆಸಿಕೊಳ್ಳುವ ಪದ್ಧತಿ ಈ ಧಂಧೆಯಲ್ಲೂ ಇದೆ. ‘ಅದು ಬರೀ ಕಾಗದ, ಏನೂ ಆಗಂಗಿಲ್ಲ’ ಎಂದು ಸಹಿ ಹಾಕಬಾರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂ. ಕಟ್ಟಬೇಕೆಂಬ ಬಾಂಡನ್ನು ಎತ್ತಿಹಿಡಿದಿದೆ. ಎಲ್ಲ ಬಾಂಡೂ ಹಾಗೆ ನಿಲ್ಲುತ್ತದೆ ಎಂದಲ್ಲ. ಆದರೆ ಸಹಿಗೆ ಮುನ್ನ ಓದಬೇಕು, ತಿಳಿಯದಿದ್ದರೆ ವಕೀಲರಿಗೆ ತೋರಿಸಬೇಕು.

ತಕರಾರು ಬಂದರೆ ಮನೆ ಎಲ್ಲಿದೆ ಎಂಬುದು ಮುಖ್ಯವಲ್ಲ, ದುಡಿಯುವ ಜಾಗ ಎಲ್ಲಿದೆ ಎಂಬುದು ಮುಖ್ಯ. ಅಕ್ಕಲಕೋಟದ ಹುಡುಗ ಬೆಂಗಳೂರಿನಲ್ಲಿ ದುಡಿದರೆ ಕರ್ನಾಟಕದ ಕಾರ್ಮಿಕ ಇಲಾಖೆಗೆ ಹೋಗಬೇಕು. ಇಂಡಿ, ಚಡಚಣದ ಹುಡುಗಿ ಪುಣೆಯಲ್ಲಿ ದುಡಿದರೆ ‘ಕಾಮಗಾರ ಆಯುಕ್ತಾಲಯ’ ಎಂಬ ಬೋರ್ಡು ಹುಡುಕಬೇಕು. ಎರಡೂ ಭಾಷೆ ಬರುವ ಗಡಿಯ ಮಕ್ಕಳಿಗೆ ಅರ್ಜಿ ಬರೆಯುವುದು ಕಷ್ಟವಲ್ಲ. ಕಷ್ಟವಿರುವುದು ಪುರಾವೆ ಕೂಡಿಸುವುದರಲ್ಲಿ.

ಅದಕ್ಕೊಂದು ಸಾದಾ ಉಪಾಯವಿದೆ. ಮನೆಗಳಲ್ಲಿ ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಬರೆಯುವ ರೂಢಿ ಇದೆ. ಹಾಲಿನವ ಎಂದು ಬಂದ, ಎಂದು ಬರಲಿಲ್ಲ, ಎಂದು ಅರ್ಧ ಲೀಟರ್ ಹೆಚ್ಚು ಹಾಕಿದ ಎಲ್ಲ ಅದರಲ್ಲಿರುತ್ತದೆ. ತಿಂಗಳ ಕೊನೆಗೆ ಜಗಳವಿಲ್ಲ. ಸ್ಟುಡಿಯೊಗೆ ಹೋಗುವ ಮಕ್ಕಳೂ ಹಾಗೆಯೇ ಬಂದ ತಾಸು, ಹೋದ ತಾಸು, ಯಾವ ಚಿತ್ರದ ಯಾವ ಕೆಲಸ ಎಂಬುದನ್ನು ದಿನಾ ಒಂದು ವಹಿಯಲ್ಲಿ ಬರೆದಿಡಬೇಕು. ‘ಇವತ್ತು ರಾತ್ರಿ ಇರ್ರಿ’ ಎಂದು ಬಂದ ಮೆಸೇಜುಗಳನ್ನು ಅಳಿಸಬಾರದು, ಪಗಾರದ ಚೀಟಿ ಎಸೆಯಬಾರದು. ನಾಳೆ ಬಾಕಿ ಕೇಳುವ ದಿನ ಬಂದರೆ ಅಧಿಕಾರಿ ಮೊದಲು ಕೇಳುವುದು ಈ ಕಾಗದಗಳನ್ನೇ.